ಕೂಸು ಹುಟ್ಟುವ ಮುಂಚೆ ಕುಲಾವಿಯಷ್ಟೇ ಸಾಕು

ಮಾನ್ಯ ಸಂಪಾದಕರೇ,

ಸೀಮಂತ ಮುಗಿಯುವ ಹೊತ್ತಿಗೆ ಈಗಿನ ಮನೆಗಳಲ್ಲಿ ಮಾರುದ್ದದ ಒಂದು ಪಟ್ಟಿ ತಯಾರಾಗಿರುತ್ತದೆ. ಅಂಗಡಿಯವರು ಕೊಟ್ಟದ್ದು ಸ್ವಲ್ಪ, ಮೊಬೈಲಿನಲ್ಲಿ ಬಂದದ್ದು ಸ್ವಲ್ಪ, ಗೆಳತಿ ಕಳಿಸಿದ್ದು ಸ್ವಲ್ಪ. ಬಾಟಲಿ ಕುದಿಸುವ ಯಂತ್ರ, ತಲೆಗೆ ಆಕಾರ ಕೊಡುವ ದಿಂಬು, ತಾನಾಗಿ ತೂಗುವ ತೊಟ್ಟಿಲು, ವಾಕರ್, ಹತ್ತು ಬಗೆಯ ಕ್ರೀಮು ಎಲ್ಲವೂ ಅದರಲ್ಲಿರುತ್ತವೆ. ಹೆರಿಗೆಗೆಂದು ಕೂಡಿಟ್ಟ ಹಣ ಅಲ್ಲೇ ಕರಗುತ್ತದೆ, ಕೆಲವರು ಕಂತಿನ ಮೇಲೂ ಕೊಳ್ಳುತ್ತಾರೆ. ಇಷ್ಟೆಲ್ಲ ಆಗಿಯೂ ಮಗುವಿನ ಮೈ ಮೊದಲ ಸಲ ಬಿಸಿಯಾದ ರಾತ್ರಿ ಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ನವಜಾತ ಶಿಶುಗಳ ಮತ್ತು ಬಾಣಂತಿಯರ ವಾರ್ಡುಗಳಲ್ಲಿ ಕೆಲಸ ಮಾಡುವ ಶುಶ್ರೂಷಕಿಯರಾದ ನಾವು ಈ ವಿಷಯವನ್ನು ನಿಮ್ಮ ಓದುಗರ ಮುಂದೆ ತುಸು ವಿವರವಾಗಿಯೇ ಇಡಬೇಕೆಂದು ಬರೆಯುತ್ತಿದ್ದೇವೆ.

ಮಗು ಹುಟ್ಟುವ ಮೊದಲು ಅದರ ಹೆಸರಿನಲ್ಲಿ ಏನನ್ನೂ ಮನೆಗೆ ತರಬಾರದು ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತಿನ ಹಿಂದೆ ಭಯವಿತ್ತು, ನಿಜ. ಆದರೆ ಖರ್ಚಿನ ಲೆಕ್ಕದಲ್ಲಿ ಅದು ಇಂದಿಗೂ ಸರಿಯಾದ ಮಾತು. ಮಗುವಿನ ತೂಕ ಎರಡೂವರೆ ಕೆಜಿಯೋ ಮೂರೂವರೆ ಕೆಜಿಯೋ, ಎದೆ ಕಚ್ಚಿ ಸರಾಗವಾಗಿ ಕುಡಿಯುತ್ತದೋ ಇಲ್ಲವೋ, ಅದರ ಚರ್ಮಕ್ಕೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದು ಹುಟ್ಟಿದ ಮೇಲೇ ತಿಳಿಯುವಂಥದ್ದು. ತಿಳಿದ ಮೇಲೆ ಕೊಳ್ಳಲು ಹೊರಟರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಮಾನು ಬೇಕಾಗುವುದೇ ಇಲ್ಲ. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಹಾಗಾದರೆ ಯಾವುದನ್ನು ಮೊದಲೇ ತಂದಿಡಬೇಕು? ಮೊದಲ ಆರು ವಾರ ಮಗು ಮಾಡುವ ಕೆಲಸಗಳು ಬೆರಳೆಣಿಕೆಯಷ್ಟು. ಹಾಲು ಕುಡಿಯುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ, ಮಲಗುತ್ತದೆ, ನೀರು ಹಾಕಿಸಿಕೊಳ್ಳುತ್ತದೆ, ಲಸಿಕೆಗೆಂದು ಆಸ್ಪತ್ರೆಗೆ ಹೋಗಿ ಬರುತ್ತದೆ. ಒಂದೊಂದು ಕೆಲಸಕ್ಕೂ ಕೇಳಿಕೊಳ್ಳಿ: ಈ ವಸ್ತು ಮನೆಯಲ್ಲಿಲ್ಲದಿದ್ದರೆ ಮಗುವಿಗೆ ಅಪಾಯವಿದೆಯೇ? ಇದ್ದರೆ ಇವತ್ತೇ ತನ್ನಿ. ಅದರ ಕೆಲಸವನ್ನು ಒಂದು ಬಟ್ಟೆಯೋ ಪಾತ್ರೆಯೋ ಕೈಯೋ ಮಾಡುವಂತಿದ್ದರೆ ಕಾಯಿರಿ. ಹೀಗೆ ಸೋಸಿದರೆ ಹೆರಿಗೆಗೆ ಮುಂಚೆ ಉಳಿಯುವುದು ಇಷ್ಟು: ಮೆತ್ತನೆಯ ಹತ್ತಿ ಬಟ್ಟೆಯ ಚೌಕಗಳು, ಮುಂದೆ ಕಟ್ಟುವ ಆರು ಜಬಲಾ, ಎರಡು ಕುಲಾವಿ, ಹೊದೆಸಿ ಸುತ್ತಲು ನಾಲ್ಕು ಬಟ್ಟೆ, ಎರಡು ರಬ್ಬರ್ ಶೀಟು, ಸೊಳ್ಳೆ ಪರದೆ, ಡಿಜಿಟಲ್ ಥರ್ಮಾಮೀಟರ್, ಮಗುವಿನ ಉಗುರು ಕತ್ತರಿ. ಸ್ವಂತ ಕಾರಿದ್ದವರಿಗೆ ಮಾತ್ರ ಇದರ ಜೊತೆ ಮಗುವಿನ ಕಾರ್ ಸೀಟು.

ಬಟ್ಟೆಯ ವಿಷಯದಿಂದ ತೊಡಗುತ್ತೇವೆ, ಏಕೆಂದರೆ ಹಣ ಹೆಚ್ಚು ಹರಿದುಹೋಗುವುದು ಇಲ್ಲಿಯೇ. ಹಳೆಯ ಕಾಟನ್ ಸೀರೆ ಅಥವಾ ಪಂಚೆಯನ್ನು ಸುಮಾರು 60 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿದರೆ ಅಂಗಡಿಯ ನ್ಯಾಪಿಗಿಂತ ಒಳ್ಳೆಯದು. ಹೊಸ ಬಟ್ಟೆಯೇ ಆದರೆ ಗಂಜಿ ಹೋಗುವವರೆಗೆ ಎರಡು ಮೂರು ಸಲ ಒಗೆಯಬೇಕು, ಇಲ್ಲದಿದ್ದರೆ ಅದು ನೀರನ್ನೇ ಹೀರುವುದಿಲ್ಲ. ಎಷ್ಟು ಬೇಕು ಎಂಬುದು ನಿಮ್ಮ ಊರಿನ ಬಿಸಿಲಿನ ಮೇಲೆ ನಿಂತಿದೆ. ಎಳೆ ಮಗುವಿಗೆ ದಿನಕ್ಕೆ ಹನ್ನೆರಡು ಹದಿನೈದು ಬಟ್ಟೆ ಬದಲಿಸಬೇಕಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಗರಿಗರಿ, ಅಲ್ಲಿ ಇಪ್ಪತ್ತು ಸಾಕು. ಆಗುಂಬೆ, ಮಡಿಕೇರಿ ಕಡೆ ಆಷಾಢದಲ್ಲಿ ಹೆರಿಗೆಯಾದರೆ ಬಟ್ಟೆ ಎರಡು ದಿನವಾದರೂ ತೇವ ಬಿಡುವುದಿಲ್ಲ, ಅಲ್ಲಿ ನಲವತ್ತು ಇರಲಿ, ಕೊನೆಗೆ ಇಸ್ತ್ರಿ ಹಾಕಿ ತೇವ ತೆಗೆಯಿರಿ.

ಒಗೆಯುವಾಗ ಆಗುವ ತಪ್ಪುಗಳೇ ಕಚ್ಚೆಯ ಜಾಗದ ಗುಳ್ಳೆಗಳಿಗೆ ಅನೇಕ ಸಲ ಕಾರಣ. ಮಲ ಅಂಟಿದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಸೋಪು, ಆಮೇಲೆ ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರು. ಉಳಿದ ಸೋಪಿನ ಅಂಶವೇ ಮೂತ್ರದ ಜೊತೆ ಸೇರಿ ಚರ್ಮ ಸುಡುತ್ತದೆ. ಕೊನೆಯ ನೀರಿಗೆ ಕ್ರಿಮಿನಾಶಕ ದ್ರಾವಣ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅದು ಬೇಡ. ಬಿಸಿಲು ಆ ಕೆಲಸ ಮಾಡುತ್ತದೆ. ಬಟ್ಟೆ ಮೆತ್ತಗಾಗಿಸುವ ದ್ರಾವಣವೂ ಬೇಡ, ಅದು ನೂಲಿನ ಮೇಲೆ ಪದರವಾಗಿ ಕೂತು ಹೀರುವ ಗುಣವನ್ನೇ ಕೆಡಿಸುತ್ತದೆ.

ಡೈಪರ್ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ರಾತ್ರಿ ಬಾಣಂತಿಗೆ ಎರಡು ತಾಸು ಹೆಚ್ಚು ನಿದ್ದೆ ಸಿಗುತ್ತದೆ, ಪ್ರಯಾಣಕ್ಕೆ ಅನುಕೂಲ. ಕೈಗೆ ಸಹಾಯಕ್ಕೆ ಯಾರೂ ಇಲ್ಲದ ಮನೆಯಲ್ಲಿ ಅದು ಸೋಮಾರಿತನವೂ ಅಲ್ಲ, ಅವಶ್ಯಕತೆಯೇ. ಆದರೆ ಹುಟ್ಟುವ ಮೊದಲು ದೊಡ್ಡ ಪ್ಯಾಕೆಟ್ ತರಬೇಡಿ. ಅತಿ ಚಿಕ್ಕ ಅಳತೆ ಐದು ಕೆಜಿವರೆಗೆ. ಮೊದಲ ಮೂರು ತಿಂಗಳು ಮಗುವಿನ ತೂಕ ದಿನಕ್ಕೆ 25ರಿಂದ 30 ಗ್ರಾಂ ಏರುತ್ತ ಹೋಗುತ್ತದೆ. ಮೂರೂವರೆ ಕೆಜಿ ಹುಟ್ಟಿದ ಮಗುವಿಗೆ ಆ ಅಳತೆ ಬರುವುದು ಸುಮಾರು ಎರಡು ತಿಂಗಳಷ್ಟೇ. ತೊಡೆಯ ಸುತ್ತ ಇಲಾಸ್ಟಿಕ್ ಕೆಂಪು ಗೆರೆ ಮೂಡಿಸಿದರೆ ಮುಂದಿನ ಅಳತೆಗೆ ಹೋಗುವ ಹೊತ್ತಾಯಿತು ಎಂದರ್ಥ. ಒಂದಕ್ಕೆ ಹತ್ತು ರೂಪಾಯಿ ಹಿಡಿದು ದಿನಕ್ಕೆ ಆರು ಬಳಸಿದರೆ ತಿಂಗಳಿಗೆ 1,800 ರೂಪಾಯಿ. ಹಗಲು ಬಟ್ಟೆ, ರಾತ್ರಿ ಡೈಪರ್ ಎಂದರೆ ಅದು ಆರುನೂರಕ್ಕೆ ಇಳಿಯುತ್ತದೆ. ತುಂಬಿದಂತೆ ಕಾಣದಿದ್ದರೂ ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಬೇಕು, ಮಲವಾದರೆ ತಕ್ಷಣ. ಹೊಕ್ಕುಳ ಬಳ್ಳಿ ಬೀಳುವವರೆಗೆ ಡೈಪರಿನ ಮೇಲಂಚನ್ನು ಹೊಕ್ಕುಳಿನ ಕೆಳಗೆ ಮಡಚಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಅದನ್ನು ಕೈಯಿಂದ ವಿಂಗಡಿಸುವವರು ನಮ್ಮಂತೆಯೇ ಮನುಷ್ಯರು.

ಒರೆಸುವ ಒದ್ದೆ ಕಾಗದದ ಬದಲು ಮನೆಯಲ್ಲಿ ಉಗುರುಬೆಚ್ಚಗಿನ ನೀರು, ಹತ್ತಿ ಬಟ್ಟೆ ಸಾಕು. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗುಳ್ಳೆ ಎದ್ದರೆ ಝಿಂಕ್ ಆಕ್ಸೈಡ್ ಇರುವ ಮುಲಾಮಿನ ಒಂದು ಟ್ಯೂಬು ಸಾಕು, ಅದನ್ನೂ ಗುಳ್ಳೆ ಎದ್ದಾಗ ತಂದರಾಯಿತು. ಪೌಡರ್ ಮಾತ್ರ ಬೇಡ. ಉದುರಿಸುವಾಗ ಏಳುವ ಧೂಳು ಮಗುವಿನ ಶ್ವಾಸಕೋಶ ಸೇರುತ್ತದೆ, ಕತ್ತಿನ ಮಡಿಕೆಯಲ್ಲಿ ಬೆವರಿನ ಜೊತೆ ಹಿಟ್ಟಾಗಿ ಅಂಟಿ ಅಲ್ಲಿಯೇ ಚರ್ಮ ಬಿರಿಯುತ್ತದೆ.

ಜಬಲಾ, ಸಾಕ್ಸು, ಕೈಗವಸುಗಳ ಬಗ್ಗೆ ಒಂದೇ ಮಾತು. ಹಾಕುವ ಮೊದಲು ಒಳಮಗ್ಗುಲು ಹೊರಳಿಸಿ ನೋಡಿ. ಹೊಲಿಗೆಯ ತುದಿಯಲ್ಲಿ ಬಿಟ್ಟ ನೂಲು ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಸಂಚಾರ ನಿಂತು ಬೆರಳು ಊದುತ್ತದೆ, ನೀಲಿಯಾಗುತ್ತದೆ. ತಾಯಿಯ ಉದುರಿದ ಕೂದಲೂ ಹೀಗೆಯೇ ಸುತ್ತಿಕೊಳ್ಳುವುದುಂಟು. ಕಾರಣ ಕಾಣದೆ ಮಗು ಅಳು ನಿಲ್ಲಿಸದಿದ್ದರೆ ಕೈಕಾಲಿನ ಇಪ್ಪತ್ತೂ ಬೆರಳನ್ನು ಬಿಡಿಸಿ ನೋಡಬೇಕು. ಕೈಗವಸು ಹಾಕುವ ಬದಲು ಉಗುರು ಕತ್ತರಿಸುವುದು ಒಳ್ಳೆಯದು. ಮಗು ನಿದ್ದೆಯಲ್ಲಿದ್ದಾಗ, ಬೆರಳ ತುದಿಯ ಮಾಂಸವನ್ನು ಹಿಂದಕ್ಕೆ ಒತ್ತಿ ಹಿಡಿದು ಕತ್ತರಿಸಿದರೆ ಗಾಯವಾಗುವುದಿಲ್ಲ.

ಇನ್ನು ಮಲಗುವ ಜಾಗ. ಇಲ್ಲಿ ದುಡ್ಡು ಉಳಿಸಿದಷ್ಟೂ ಮಗು ಕ್ಷೇಮ. ಗಟ್ಟಿಯಾದ, ಸಮತಟ್ಟಾದ ಹಾಸು, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ಒಂದು ಹತ್ತಿ ಬಟ್ಟೆ, ಮಗು ಅಂಗಾತ. ದಿಂಬು, ಪಕ್ಕದ ಪುಟ್ಟ ಲೋಡುಗಳು, ಬೊಂಬೆ, ದಪ್ಪ ರಜಾಯಿ ಯಾವುದೂ ಒಂದು ವರ್ಷದವರೆಗೆ ಬೇಡ. ಅಂಗಡಿಯಲ್ಲಿ ಹಾಸಿಗೆ, ದಿಂಬು, ಎರಡು ಲೋಡು ಸೇರಿಸಿ ಒಂದೇ ಸೆಟ್ ಎಂದು ಮಾರುತ್ತಾರೆ. ನೋಡಲು ಮುದ್ದಾಗಿರುತ್ತದೆ. ಆದರೆ ಎಳೆ ಮಗುವಿನ ಕತ್ತಿಗೆ ಬಲವಿಲ್ಲ. ಮೆತ್ತನೆಯದಕ್ಕೆ ಮೂಗು ಒತ್ತಿದರೆ ಮುಖ ತಿರುಗಿಸಲು ಅದಕ್ಕೆ ಬರುವುದಿಲ್ಲ, ದಿಂಬಿನ ಮೇಲೆ ತಲೆ ಎತ್ತರವಾದರೆ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳನ್ನೂ ಓರೆಯಾಗಿ ಮಲಗಿಸುವ ಹಾಸುಗಳನ್ನೂ ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ತಲೆಗೆ ಆಕಾರ ಕೊಡುವ ದಿಂಬುಗಳನ್ನು ಬಳಸಬೇಡಿ ಎಂದು ಅಲ್ಲಿನ ಔಷಧ ಇಲಾಖೆ ಅದೇ ವರ್ಷ ಎಚ್ಚರಿಸಿತು. ನಮ್ಮಲ್ಲಿ ಅದೇ ದಿಂಬು ಸಾಸಿವೆ ತುಂಬಿಸಿಕೊಂಡು ಮನೆಮನೆಯಲ್ಲಿದೆ.

ತಲೆ ಚಪ್ಪಟೆಯಾಗುತ್ತದೆ ಎಂಬ ಅಜ್ಜಿಯರ ಆತಂಕ ಸುಳ್ಳಲ್ಲ. ಅದಕ್ಕೆ ಬೇರೆ ದಾರಿಯಿದೆ. ಒಂದು ರಾತ್ರಿ ತಲೆ ಮೂಡಣಕ್ಕಿಟ್ಟು ಮಲಗಿಸಿದರೆ ಮರುದಿನ ಪಡುವಣಕ್ಕಿಡಿ. ಮಗು ಬೆಳಕಿನ ಕಡೆಗೆ, ತಾಯಿಯ ದನಿಯ ಕಡೆಗೆ ಮುಖ ತಿರುಗಿಸುವುದರಿಂದ ಒತ್ತಡ ಎರಡೂ ಬದಿಗೆ ಹಂಚಿಹೋಗುತ್ತದೆ. ಎಚ್ಚರವಿರುವಾಗ, ಹಾಲು ಕುಡಿದ ತಕ್ಷಣ ಬೇಡ, ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬೋರಲು ಹಾಕಿ ಎದುರಿಗೆ ಕೂತು ಮಾತಾಡಿಸಿ. ಕತ್ತಿಗೂ ಭುಜಕ್ಕೂ ಬಲ ಬರುತ್ತದೆ.

ತೊಟ್ಟಿಲು ಶಾಸ್ತ್ರಕ್ಕೆ ತೊಟ್ಟಿಲು ಬೇಕೇ ಬೇಕು. ಮನೆಯಲ್ಲಿ ಹಳೆಯ ಮರದ ತೊಟ್ಟಿಲಿದ್ದರೆ ಅದೇ ಒಳ್ಳೆಯದು. ಪಟ್ಟಿಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಕೊಕ್ಕೆ ಸವೆದಿರಬಾರದು, ಸಿಬಿರು ಎದ್ದಿರಬಾರದು. ಸೀರೆಯ ಜೋಲಿಯಲ್ಲಿ ಮಗು ಬೇಗ ನಿದ್ದೆ ಹೋಗುವುದು ನಿಜ, ಆದರೆ ಅಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಜೋಲಿಯನ್ನು ಬಿಡಲಾರದವರು ಮೇಲ್ತುದಿಯಲ್ಲಿ ಅಡ್ಡ ಕೋಲಿಟ್ಟು ಬಟ್ಟೆ ಅಗಲವಾಗುವಂತೆ ಮಾಡಿ, ನೆಲದಿಂದ ಒಂದಡಿಗಿಂತ ಮೇಲೆ ಕಟ್ಟದೆ, ಪಕ್ಕದಲ್ಲಿ ಯಾರಾದರೂ ಎಚ್ಚರವಿರುವಾಗ ಮಾತ್ರ ಬಳಸಲಿ. ನಿದ್ದೆ ಹತ್ತಿದ ಮೇಲೆ ಮಗುವನ್ನು ಸಮತಟ್ಟಾದ ಹಾಸಿನ ಮೇಲೆ ಮಲಗಿಸಲಿ. ಮಗ್ಗುಲಾಗಲು ಶುರುಮಾಡಿದ ದಿನದಿಂದ, ಅಂದರೆ ಸುಮಾರು ನಾಲ್ಕನೇ ತಿಂಗಳಿಂದ, ಬಿಚ್ಚಿಡಲಿ. ಖಾಲಿ ಜೋಲಿಯನ್ನು ನೇತಾಡಲು ಬಿಡಬಾರದು. ದೊಡ್ಡ ಮಕ್ಕಳು ಅದರಲ್ಲಿ ಗಿರಗಿರನೆ ಸುತ್ತಿಕೊಂಡು ಕತ್ತಿಗೆ ಉರುಳು ಬೀಳುತ್ತದೆ.

ಸೊಳ್ಳೆ ಪರದೆಗೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ಕೊಡೆಯಂತೆ ತೆರೆಯುವ ಪರದೆ ಕೊಳ್ಳುವಾಗ ಕೆಳಗಿನ ಅಂಚು ನೆಲಕ್ಕೆ ಸುತ್ತಲೂ ಕೂರುತ್ತದೆಯೇ, ಕಡ್ಡಿಗಳ ತುದಿ ಬಟ್ಟೆಯಿಂದ ಹೊರಬಂದಿಲ್ಲವೇ ನೋಡಿ. ಒಳಗೆ ಮಗುವಿನ ಕೈ ಪರದೆಗೆ ತಾಗುವಷ್ಟು ಚಿಕ್ಕದಾದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಬತ್ತಿ, ಧೂಪ, ಸಾಂಬ್ರಾಣಿ ಯಾವುದರ ಹೊಗೆಯೂ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿದ ಮೇಲೆ ತಲೆ ಒಣಗಿಸಲು ಒಣ ಬಟ್ಟೆ ಸಾಕು.

ಹಾಲಿನ ವಿಷಯಕ್ಕೆ ಬಂದರೆ, ಪಟ್ಟಿಯಲ್ಲಿರುವ ಬಾಟಲಿ, ಅದನ್ನು ತೊಳೆಯುವ ಬ್ರಷ್, ಕುದಿಸುವ ಯಂತ್ರ, ಬೆಚ್ಚಗಿಡುವ ಯಂತ್ರ ಎಲ್ಲವೂ ಒಂದರ ಬಾಲ ಹಿಡಿದು ಇನ್ನೊಂದು ಬರುವಂಥವು. ಬಾಟಲಿ ಬರದಿದ್ದರೆ ಉಳಿದವೂ ಬರುವುದಿಲ್ಲ. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಾಕಿ, ಮೊದಲು ಬರುವ ಹಳದಿ ಹಾಲನ್ನು ಚೆಲ್ಲದೆ ಕುಡಿಸಿ, ಆರು ತಿಂಗಳು ಎದೆಹಾಲೊಂದೇ ಕೊಟ್ಟರೆ ಬೇಸಿಗೆಯಲ್ಲೂ ನೀರು ಬೇಡ, ಜೇನು ಬೇಡ, ಗ್ರೈಪ್ ವಾಟರ್ ಬೇಡ, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಜೇನನ್ನಂತೂ ಒಂದು ವರ್ಷದವರೆಗೆ ನಾಲಿಗೆಗೆ ಸೋಕಿಸಬಾರದು, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಐದನೇ ದಿನದಿಂದ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡಿದರೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದರೆ ಹಾಲು ಸಾಲುತ್ತಿದೆ. ಇದಕ್ಕೆಂದು ತೂಕದ ಯಂತ್ರ ಕೊಳ್ಳಬೇಕಿಲ್ಲ. ಆಶಾ ಕಾರ್ಯಕರ್ತೆಯರು ಮೊದಲ 42 ದಿನಗಳಲ್ಲಿ ಹಲವು ಸಲ ಮನೆಗೆ ಬಂದು ತೂಗುತ್ತಾರೆ, ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಎಳೆಯಲು ಜಾಗವಿದೆ.

ಎದೆ ಕಚ್ಚಲಾರದ ಮಗುವಿಗೆ, ತೂಕ ಕಡಿಮೆಯಿರುವ ಮಗುವಿಗೆ ಹಿಂಡಿದ ಹಾಲು ಕೊಡಲು ಮೂತಿಯಿರುವ ಪುಟ್ಟ ಬಟ್ಟಲಾದ ನಮ್ಮ ಒಳಲೆಯಂಥ ಸಾಧನ ಬೇರೆ ಇಲ್ಲ. ಆದರೆ ಉಡುಗೊರೆಯಾಗಿ ಬರುವ ಕೆತ್ತನೆಯ ಬೆಳ್ಳಿ ಒಳಲೆಗಿಂತ ನುಣುಪಾದ ಸ್ಟೀಲ್ ಒಳಲೆ ಮೇಲು. ಕೆತ್ತನೆಯ ಸಂದಿಯಲ್ಲಿ, ಮೂತಿಯ ಬೆಸುಗೆಯಲ್ಲಿ ಹಾಲಿನ ಕೆನೆ ಕೂತರೆ ಉಜ್ಜಿದರೂ ಹೋಗುವುದಿಲ್ಲ. ಬಳಸಿದ ತಕ್ಷಣ ಸೋಪಿನ ನೀರಿನಲ್ಲಿ ತೊಳೆದು ಹತ್ತು ನಿಮಿಷ ಕುದಿಸಿ. ಕುಡಿಸುವಾಗ ಮಗುವನ್ನು ಕೂತಂತೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ಕೆಳದುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಬಂದು ನಿಲ್ಲುವಷ್ಟು ಬಾಗಿಸಿ. ಮಗು ನುಂಗಿದ ಮೇಲೆ ಮುಂದಿನದು. ಕಾಲ ಮೇಲೆ ಅಂಗಾತ ಕೆಡವಿ ಗಂಟಲಿಗೆ ಸುರಿಯುವ ಹಳೆಯ ಕ್ರಮದಲ್ಲಿ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಎದೆಹಾಲು ಸಾಧ್ಯವೇ ಇಲ್ಲದ ಸಂದರ್ಭಗಳೂ ಇವೆ. ಆಗ ಡಬ್ಬಿ ಹಾಲನ್ನು ವೈದ್ಯರು ಬರೆದುಕೊಡುತ್ತಾರೆ, ಆ ತಾಯಿ ತಲೆ ತಗ್ಗಿಸಬೇಕಾದದ್ದು ಏನೂ ಇಲ್ಲ. ಮೊದಲು ನೀರು ಅಳೆದು, ಆಮೇಲೆ ಪುಡಿ. ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಆ ಡಬ್ಬಿಯದೇ ಚಮಚದಲ್ಲಿ, ಒತ್ತಿ ತುಂಬದೆ ಮೇಲೆ ಸಮ ಮಾಡಿದ ಒಂದು ಅಳತೆ. ಡಬ್ಬಿ ಬೇಗ ಮುಗಿಯುತ್ತದೆಂದು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ, ಬೇಗ ದಪ್ಪವಾಗಲೆಂದು ಪುಡಿ ಹೆಚ್ಚಿಸಿದರೆ ಮೂತ್ರಪಿಂಡಕ್ಕೆ ಹೊರೆ. ಕುಡಿದು ಉಳಿದದ್ದನ್ನು ಒಂದು ತಾಸಿನ ಮೇಲೆ ಇಡಬಾರದು. ಇಲ್ಲಿ ಸಂಪಾದಕರ ಗಮನಕ್ಕೆ ಒಂದು ಮಾತು. ಶಿಶು ಹಾಲಿನ ಬದಲಿಗಳು, ಹಾಲು ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಇಂಥ ವಸ್ತುಗಳ ಜಾಹೀರಾತು, ತಾಯಂದಿರಿಗೆ ಉಚಿತ ಮಾದರಿ ಹಂಚುವುದು, ಉಡುಗೊರೆ ಕೊಡುವುದು ನಿಷಿದ್ಧ. ಆರೋಗ್ಯ ಸಲಹೆಯ ವೇಷದಲ್ಲಿ ಬರುವ ಇಂಥ ಜಾಹೀರಾತುಗಳಿಗೆ ಪತ್ರಿಕೆಗಳು ಜಾಗ ಕೊಡಬಾರದು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಚೀಲದಲ್ಲಿ ಡಬ್ಬಿ ಇಟ್ಟುಕೊಟ್ಟರೆ ಕುಟುಂಬದವರು ಬೇಡವೆಂದು ಹೇಳಬಹುದು.

ಹಾಲು ಹಿಂಡುವ ಪಂಪು ಬೇಕಾಗುವುದು ಕೆಲಸಕ್ಕೆ ಮರಳುವ ತಾಯಂದಿರಿಗೆ, ಅದೂ ರಜೆ ಮುಗಿಯುವ ಎರಡು ವಾರ ಮುಂಚೆ. ಸರಿಯಾಗಿ ಹೇಳಿಕೊಟ್ಟರೆ ಬಹಳ ಮಂದಿಗೆ ಕೈಯಿಂದ ಹಿಂಡುವುದೇ ಸಾಕಾಗುತ್ತದೆ. ಹಿಂಡಿದ ಹಾಲು 25 ಡಿಗ್ರಿಯ ಕೋಣೆಯಲ್ಲಿ ನಾಲ್ಕು ತಾಸು ಕೆಡುವುದಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ, ತಕ್ಷಣ ಫ್ರಿಜ್ಜಿಗಿಡಿ. ಬಿಸಿ ಮಾಡಲು ಬೆಚ್ಚನೆಯ ನೀರಿನ ಬಟ್ಟಲಲ್ಲಿ ಲೋಟ ಇಟ್ಟರಾಯಿತು.

ಹೆರಿಗೆಯಾದ ಮೇಲೆ ಔಷಧದಂಗಡಿಯಿಂದ ತರಲೇಬೇಕಾದ ಒಂದು ವಸ್ತುವನ್ನು ಜನ ಮರೆಯುತ್ತಾರೆ. ಅದು ವಿಟಮಿನ್ ಡಿ ಹನಿ. ಎದೆಹಾಲಿನಲ್ಲಿ ಅದು ಸಾಕಷ್ಟಿಲ್ಲ, ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಕೊಡಬೇಕು. ಎಡವುವುದು ಎಲ್ಲಿ ಎಂದರೆ, ಒಂದು ಮಿಲಿಗೆ 400 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಮೊದಲನೆಯದಾದರೆ ಒಂದು ಮಿಲಿ, ಎರಡನೆಯದಾದರೆ ಅರ್ಧ ಮಿಲಿ. ಬ್ರಾಂಡ್ ಬದಲಾದ ದಿನ ಚೀಟಿ ಓದಿ, ವೈದ್ಯರನ್ನು ಕೇಳಿ.

ಥರ್ಮಾಮೀಟರ್ ಇನ್ನೂರು ಚಿಲ್ಲರೆ ರೂಪಾಯಿಯ ಡಿಜಿಟಲ್ ಆದರೆ ಸಾಕು. ಹಣೆಗೆ ಹಿಡಿಯುವ ಪಿಸ್ತೂಲಿನಂಥದ್ದು ಬೆವರು, ಫ್ಯಾನಿನ ಗಾಳಿಗೆ ತಪ್ಪು ತೋರಿಸುತ್ತದೆ. ಕಂಕುಳಿನ ಬೆವರು ಒರೆಸಿ, ತುದಿಯನ್ನು ಕಂಕುಳಿನ ಗುಳಿಯ ಆಳಕ್ಕಿಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು ಬೀಪ್ ಬರುವವರೆಗೆ ಕಾಯಿರಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದದ್ದು. ಕಡಿಮೆಯಿದ್ದರೆ ಜಬಲಾ ಬಿಚ್ಚಿ ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಹೊದೆಸಿ. ಮೂರು ತಿಂಗಳೊಳಗಿನ ಮಗುವಿಗೆ 38, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯ ಔಷಧ ಮಾಡದೆ ಆಸ್ಪತ್ರೆಗೆ ಹೊರಡಬೇಕು, ಮಧ್ಯರಾತ್ರಿಯಾದರೂ.

ನೀರು ಹಾಕಲು ಟಬ್ಬು ಬೇಕಿಲ್ಲ, ಕಾಲು ಚಾಚಿ ಕೂರುವ ಅಜ್ಜಿಯೋ ಅಮ್ಮನೋ ಇದ್ದರೆ ಸಾಕು. ಮೊದಲ ಸ್ನಾನಕ್ಕೆ ಕನಿಷ್ಠ 24 ತಾಸು ಕಾಯಬೇಕು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ ಮೊಣಕೈಯಿಂದ ನೋಡಿ. ಕಾದ ಹಂಡೆಯ ನೀರು ಒಗ್ಗಿದ ಕೈಗೆ ಬಿಸಿ ತಿಳಿಯುವುದಿಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಾಗಿಲು ಕಿಟಕಿ ಮುಚ್ಚಿ ಮಗುವಿಗೆ ನೀರು ಹಾಕಲೇಬಾರದು. ಮೈಗೆ ಕೊಬ್ಬರಿ ಎಣ್ಣೆ ಒಳ್ಳೆಯದು, ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು. ಮೂಗು ಕಟ್ಟಿದರೆ ಸಲೈನ್ ಹನಿ ಸಿಗುತ್ತದೆ. ಕಣ್ಣಿಗೆ ಕಾಡಿಗೆ ಬೇಡ, ದೃಷ್ಟಿ ಬೊಟ್ಟು ಬೇಕೆನಿಸಿದರೆ ಅಂಗಾಲಿಗಿಡಿ.

ಕಾರ್ ಸೀಟಿನ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಬಹಳ ಕಡಿಮೆ. ತಾಯಿಯ ಮಡಿಲಿಗಿಂತ ಭದ್ರ ಜಾಗ ಯಾವುದು ಎಂದು ಕೇಳುತ್ತಾರೆ. ತಾಸಿಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಕಾರು ಗುದ್ದಿ ನಿಂತರೆ ಮೂರು ಕೆಜಿಯ ಮಗು ಕೈಯಲ್ಲಿ ಹಿಡಿಯಲಾಗದಷ್ಟು ಭಾರವಾಗಿ ಮುಂದಕ್ಕೆ ಎಸೆಯಲ್ಪಡುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಕ್ಕಳನ್ನು ಬೆಲ್ಟು ಅಥವಾ ತಕ್ಕ ಆಸನದಲ್ಲಿ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವಿದೆ. ಎಳೆ ಮಗುವಿನ ಸೀಟು ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕೂರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಬೇಡ. ಬಿಗಿದ ಮೇಲೆ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಮಗುವಿನ ಪಟ್ಟಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು, ಹೆಗಲ ಬಳಿ ಚಿವುಟಿದರೆ ಪಟ್ಟಿ ಬೆರಳಿಗೆ ಸಿಗಬಾರದು. ದಪ್ಪ ಸ್ವೆಟರ್ ಹಾಕಿ ಬಿಗಿದರೆ ಒಳಗೆ ಸಡಿಲವೇ ಉಳಿಯುತ್ತದೆ, ಹಾಗಾಗಿ ಮೊದಲು ಪಟ್ಟಿ, ಮೇಲೆ ಹೊದಿಕೆ. ಒಮ್ಮೆ ಅಪಘಾತ ಕಂಡ ಸೀಟನ್ನು, ಇತಿಹಾಸ ತಿಳಿಯದ ಸೆಕೆಂಡ್ ಹ್ಯಾಂಡ್ ಸೀಟನ್ನು ಕೊಳ್ಳಬೇಡಿ. ಊರು ತಲುಪಿದ ಮೇಲೆ ಮಗುವನ್ನು ಅದರಲ್ಲೇ ಮಲಗಲು ಬಿಡಬೇಡಿ. ದ್ವಿಚಕ್ರ ವಾಹನಕ್ಕೆ ಬಂದರೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಭದ್ರತಾ ಪಟ್ಟಿ, ಹೆಲ್ಮೆಟ್, 40 ಕಿಲೋಮೀಟರ್ ವೇಗದ ಮಿತಿ 2023ರ ಫೆಬ್ರವರಿಯಿಂದ ಕಡ್ಡಾಯ. ಅದಕ್ಕಿಂತ ಎಳೆಯ ಮಗುವನ್ನು ಬೈಕಿನಲ್ಲಿ ಒಯ್ಯದಿರುವುದೇ ಕ್ಷೇಮ, ಲಸಿಕೆಗೆ ಆಟೋ ಹಿಡಿಯಿರಿ.

ವಾಕರ್ ಯಾವ ವಯಸ್ಸಿನಲ್ಲೂ ಬೇಡ. ಅದರಲ್ಲಿ ಮಗು ಕಾಲ್ಬೆರಳ ತುದಿಯಿಂದ ನೂಕುತ್ತದೆ, ನಡಿಗೆಗೆ ಬೇಕಾದ ಸಮತೋಲ ಕಲಿಯುವುದಿಲ್ಲ. ಒಂದು ಕ್ಷಣದಲ್ಲಿ ಮೂರಡಿ ದಾಟಿ ಮೆಟ್ಟಿಲ ತುದಿಗೋ ಒಲೆಯ ಹತ್ತಿರಕ್ಕೋ ಹೋಗಿರುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ತಾನಾಗಿ ಎದ್ದು ನಿಲ್ಲಲು ಬಂದ ಮಗುವಿಗೆ ಹಿಂದಿನಿಂದ ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ, ದೊಡ್ಡವರು ಜೊತೆಗಿರುವಾಗ, ಒಳ್ಳೆಯದು. ಆಟಿಕೆಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ಚನ್ನಪಟ್ಟಣದಂಥ ಕಡೆಯ ನೋಂದಾಯಿತ ಕುಶಲಕರ್ಮಿಗಳ ಕೆಲಸಕ್ಕೆ ಅದರಿಂದ ವಿನಾಯಿತಿ ಇದೆ, ಅವರ ಅರಗಿನ ಬಣ್ಣದ ಗಿಲಕಿ ಎಳೆ ಕೈಗೆ ಚೆನ್ನಾಗಿ ಹಿಡಿತ ಸಿಗುತ್ತದೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ಯಾವ ವಸ್ತುವೂ, ಗುಂಡಿಯಂಥ ಬ್ಯಾಟರಿ ಇರುವ ಯಾವ ಆಟಿಕೆಯೂ ಮಗುವಿನ ಕೈಗೆ ಬೇಡ.

ಆರು ತಿಂಗಳು ತುಂಬಿದಾಗ ಡಬ್ಬಿಯ ಸೀರಿಯಲ್ ಬದಲು ರಾಗಿಯ ಸರಿಹಿಟ್ಟು ಮಾಡಿಕೊಳ್ಳಿ. ಒಂದು ಕೆಜಿ ರಾಗಿಯನ್ನು ಕಲ್ಲು ತೆಗೆದು ತೊಳೆದು, ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಕ್ಕೆ ಸಣ್ಣ ಮೊಳಕೆ ಬರುತ್ತದೆ. ಹುಳಿವಾಸನೆ ಬಂದರೆ, ಬೂಷ್ಟು ಕಂಡರೆ ಪೂರ್ತಿ ಚೆಲ್ಲಬೇಕು. ಒಣಗಿಸಿ, ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿ. ಒಂದು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕೈಯಾಡಿಸಿ, ಕೊನೆಗೆ ಅರ್ಧ ಚಮಚ ತುಪ್ಪ. ಚಮಚ ಓರೆ ಮಾಡಿದರೆ ಜಾರದೆ ನಿಲ್ಲಬೇಕು. ನೀರುನೀರಾಗಿ ಮಾಡಿ ಬಾಟಲಿಗೆ ತುಂಬಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಉಪ್ಪು ಒಂದು ವರ್ಷದವರೆಗೆ, ಸಕ್ಕರೆ ಎರಡು ವರ್ಷದವರೆಗೆ ಬೇಡ. ಕೆಲವೇ ದಿನಗಳಲ್ಲಿ ಬೇಳೆ, ತರಕಾರಿ, ತಿನ್ನುವ ಮನೆಯಾದರೆ ಮೊಟ್ಟೆಯೂ ಸೇರಲಿ, ರಾಗಿಯೊಂದೇ ಸಾಲದು.

ನಾಮಕರಣಕ್ಕೆ ಏನು ತರಲಿ ಎಂದು ನೆಂಟರು ಕೇಳಿದರೆ ಸಂಕೋಚಪಡದೆ ಹೇಳಿಬಿಡಿ. ದೊಡ್ಡ ಸೊಳ್ಳೆ ಪರದೆ ಹೇಳಬಹುದು, ಇನ್ನೊಂದು ರಬ್ಬರ್ ಶೀಟು, ಹತ್ತಿ ಬಟ್ಟೆಯ ಹತ್ತು ಮೀಟರ್, ಚಿಕ್ಕಪ್ಪ ದೊಡ್ಡಪ್ಪಂದಿರು ಸೇರಿ ಕಾರ್ ಸೀಟು. ಫ್ರಾಕೋ ಜುಬ್ಬವೋ ತರಲೇಬೇಕೆನ್ನುವವರಿಗೆ ಒಂದು ವರ್ಷದ ಅಳತೆಯದ್ದು ತರಲು ಹೇಳಿ, ಈಗಿನ ಅಳತೆಯದ್ದು ಎರಡು ಸಲ ಹಾಕುವಷ್ಟರಲ್ಲಿ ಮಗುವಿಗೆ ಬಿಗಿಯಾಗುತ್ತದೆ.

ಇಂತಿ ನಿಮ್ಮ ಓದುಗರು,
ಮಕ್ಕಳ ಮತ್ತು ಬಾಣಂತಿಯರ ವಾರ್ಡಿನ ಶುಶ್ರೂಷಕಿಯರು
ಮೈಸೂರು